ಡಾಕ್ಯುಮೆಂಟೇಶನ್ ಬಿಲ್ಡ್ ಮಾಡಲು ಯಾವ ಟೂಲ್? ಸ್ಫಿಂಕ್ಸ್, ಡಾಕ್ಸಿಜೆನ್, ಎಂಕೆಡಾಕ್ಸ್, ಡಾಕ್ಯುಸಾರಸ್, ಆಸ್ಕಿಡಾಕ್ಟರ್ ನಡುವೆ ಆರಿಸುವ ಬಗೆ

"ಪ್ರಾಜೆಕ್ಟ್ ಬೆಳೆದಿದೆ, ಒಂದು ರೀಡ್‌ಮಿ ಫೈಲ್‌ನಲ್ಲಿ ಎಲ್ಲ ಹಿಡಿಯುತ್ತಿಲ್ಲ, ಯಾವ ಟೂಲ್ ತಗೊಳ್ಳಲಿ?" ಈ ಪ್ರಶ್ನೆ ನನಗೆ ಮತ್ತೆ ಮತ್ತೆ ಬರುತ್ತದೆ. ಕೇಳುವವರು ಒಂದೇ ಥರದವರಲ್ಲ. ಫೈನಲ್ ಇಯರ್ ಪ್ರಾಜೆಕ್ಟ್ ಮಾಡುವ ವಿದ್ಯಾರ್ಥಿಗಳಿದ್ದಾರೆ, ನಾಲ್ಕೈದು ಜನರ ಸ್ಟಾರ್ಟಪ್‌ನವರಿದ್ದಾರೆ, ಫರ್ಮ್‌ವೇರ್ ಬರೆಯುವ ಟೀಮ್‌ಗಳಿವೆ, ಕನ್ನಡದಲ್ಲೇ ಯೂಸರ್ ಮ್ಯಾನ್ಯುಯಲ್ ಕೊಡಬೇಕು ಅನ್ನುವ ಗೆಳೆಯರೂ ಇದ್ದಾರೆ. ಎಲ್ಲರಿಗೂ ಒಂದೇ ಉತ್ತರ ಕೊಡಲು ಆಗುವುದಿಲ್ಲ.

ಆದರೆ ಹೆಚ್ಚಿನವರು ಶುರು ಮಾಡುವ ಜಾಗ ಒಂದೇ. ಡೆಮೊ ಸೈಟ್ ತೆರೆದು, ಯಾವುದು ಚೆನ್ನಾಗಿ ಕಾಣುತ್ತದೆಯೋ ಅದನ್ನು ಆರಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಬರಹ ಎಲ್ಲಿ ಇರಬೇಕು, ಅದನ್ನು ಮುಂದಿನ ವರ್ಷವೂ ತಿದ್ದುವವರು ಯಾರು, ಈ ಎರಡನ್ನು ಮೊದಲು ಗಟ್ಟಿ ಮಾಡಿಕೊಳ್ಳಿ. ಥೀಮ್ ಒಂದು ಸಂಜೆಯಲ್ಲಿ ಬದಲಿಸಬಹುದು. ಇನ್ನೂರು ಪುಟ ಬರೆದಾದ ಮೇಲೆ ಮಾರ್ಕಪ್ (ಹೆಡ್ಡಿಂಗ್, ಪಟ್ಟಿ, ಲಿಂಕ್ ಗುರುತಿಸಲು ಟೆಕ್ಸ್ಟ್‌ನಲ್ಲೇ ಹಾಕುವ ಚಿಹ್ನೆಗಳ ಪದ್ಧತಿ) ಬದಲಿಸುವುದು ವಾರಗಟ್ಟಲೆ ಕೆಲಸ.

ಇಲ್ಲಿ ಹೇಳುವ ಐದೂ ಓಪನ್ ಸೋರ್ಸ್. ಐದೂ ಮಾಡುವ ಮೂಲ ಕೆಲಸ ಒಂದೇ: ಗಿಟ್‌ನಲ್ಲಿರುವ ಸಾದಾ ಟೆಕ್ಸ್ಟ್ ಫೈಲ್‌ಗಳನ್ನು ಅಥವಾ ಕೋಡ್ ಒಳಗಿನ ಕಾಮೆಂಟ್‌ಗಳನ್ನು ಓದುತ್ತವೆ, ಒಂದು ಕಮಾಂಡ್ ಕೊಟ್ಟರೆ ವೆಬ್ ಪುಟ ಮಾಡಿಕೊಡುತ್ತವೆ. ಕೆಲವು ಪಿಡಿಎಫ್, ಮ್ಯಾನ್ ಪೇಜ್ (ಟರ್ಮಿನಲ್‌ನಲ್ಲೇ ಓದುವ ಕಮಾಂಡ್ ವಿವರ) ಕೂಡ ಮಾಡುತ್ತವೆ.

ಟೂಲ್ ನೋಡುವ ಮೊದಲು

ಓದುಗರಿಗೆ ಬೇಕಾದ ಮಾಹಿತಿ ಕೋಡ್ ಒಳಗಿದೆಯಾ, ನಿಮ್ಮ ತಲೆಯೊಳಗಿದೆಯಾ? ಮೊದಲು ಇದನ್ನು ಕೇಳಿಕೊಳ್ಳಿ. ಒಂದು ಫಂಕ್ಷನ್‌ಗೆ ಏನೇನು ಕೊಡಬೇಕು, ಅದು ಏನು ರಿಟರ್ನ್ ಮಾಡುತ್ತದೆ, ಯಾವಾಗ ಎರರ್ ಬರುತ್ತದೆ ಅನ್ನುವುದೆಲ್ಲ ಕೋಡ್‌ನಲ್ಲೇ ಇರುತ್ತದೆ. ಪಕ್ಕದಲ್ಲೇ ಕಾಮೆಂಟ್ ಬರೆದರೆ ಟೂಲ್ ಅದನ್ನು ಎತ್ತಿಕೊಂಡು ರೆಫರೆನ್ಸ್ ಪುಟ ಮಾಡುತ್ತದೆ. ಹೊಸಬರು ಎಲ್ಲಿಂದ ಶುರು ಮಾಡಬೇಕು, ಇನ್‌ಸ್ಟಾಲ್ ಹೇಗೆ, ಈ ಡಿಸೈನ್ ಯಾಕೆ ಹೀಗಿದೆ ಅನ್ನುವುದನ್ನು ಮಾತ್ರ ಯಾವ ಟೂಲೂ ಹುಟ್ಟಿಸುವುದಿಲ್ಲ. ಅದನ್ನು ಯಾರಾದರೂ ಕೂತು ಬರೆಯಲೇಬೇಕು. ಲೈಬ್ರರಿ ಮಾಡುವವರಿಗೆ ಮೊದಲನೆಯದು ಜಾಸ್ತಿ ಬೇಕು, ಆಪ್ ಅಥವಾ ಸೇವೆ ಕೊಡುವವರಿಗೆ ಎರಡನೆಯದು. ನಿಮ್ಮಲ್ಲಿ ಇವೆರಡರ ಪಾಲು ಎಷ್ಟೆಷ್ಟು ಅಂತ ಒಂದು ಅಂದಾಜು ಹಾಕಿ. ಅರ್ಧ ತೀರ್ಮಾನ ಅಲ್ಲೇ ಆಗುತ್ತದೆ.

ಬರೆಯುವವರು ಯಾರು? ಡೆವಲಪರ್‌ಗಳೇ ಬರೆಯುವುದಾದರೆ ಸ್ವಲ್ಪ ಕಷ್ಟದ ಮಾರ್ಕಪ್ ಆದರೂ ನಡೆಯುತ್ತದೆ. ಸಪೋರ್ಟ್ ಟೀಮ್‌ನವರು, ಟ್ರೇನರ್‌ಗಳು, ಭಾಷಾಂತರ ಮಾಡುವವರು ಕೈ ಹಾಕುತ್ತಾರೆ ಅಂದರೆ ಮಾರ್ಕ್‌ಡೌನ್ ಎಂಬ ಸರಳ ಮಾರ್ಕಪ್ ಬಿಟ್ಟು ಬೇರೆ ಕೊಟ್ಟರೆ ಅರ್ಧ ಜನ ಮೊದಲ ವಾರವೇ ಬಿಡುತ್ತಾರೆ.

ಹೊರಗೆ ಏನು ಬರಬೇಕು? ವೆಬ್ ಸೈಟ್ ಒಂದೇ ಸಾಕಾ, ಅಥವಾ ಪಿಡಿಎಫ್ ಕೂಡ ಬೇಕಾ? ಸರ್ಕಾರಿ ಟೆಂಡರ್, ಮೆಡಿಕಲ್ ಸಾಧನ, ಕಾರ್ಖಾನೆ ಯಂತ್ರ ಇಂಥ ಕಡೆ ಗ್ರಾಹಕರು ಪಿಡಿಎಫ್ ಕೇಳುವುದು ಸಾಮಾನ್ಯ. ಕಮಾಂಡ್‌ಲೈನ್ ಟೂಲ್ ಆದರೆ ಮ್ಯಾನ್ ಪೇಜ್ ಬೇಕಾಗುತ್ತದೆ. ಇದನ್ನು ಕೊನೆಯಲ್ಲಿ ನೋಡಿಕೊಳ್ಳೋಣ ಅಂತ ಬಿಡಬೇಡಿ. ಐದು ಟೂಲ್‌ಗಳು ಅತಿ ಹೆಚ್ಚು ಬೇರೆಯಾಗುವುದು ಇಲ್ಲೇ.

ಉಳಿದದ್ದು ಬೇಗ ಹೇಳುತ್ತೇನೆ. ಹಳೆಯ ವರ್ಶನ್‌ಗಳ ಡಾಕ್ಯುಮೆಂಟೇಶನ್ ಕೂಡ ಇಟ್ಟುಕೊಳ್ಳಬೇಕಾ? ಬಿಲ್ಡ್ ಮಾಡುವ ಮಶೀನ್‌ನಲ್ಲಿ ಏನೇನು ಇನ್‌ಸ್ಟಾಲ್ ಮಾಡಲು ಅವಕಾಶ ಇದೆ? ಬೇರೆ ಭಾಷೆ ಬೇಕಾ? ತಪ್ಪು ಲಿಂಕ್ ಇದ್ದರೆ ಬಿಲ್ಡ್ ನಿಲ್ಲಬೇಕಾ? ಈ ಕೊನೆಯದಕ್ಕೆ ನನ್ನ ಉತ್ತರ ಯಾವಾಗಲೂ ಹೌದು. ಐದರಲ್ಲೂ ಅದಕ್ಕೆ ದಾರಿ ಇದೆ, ಮೊದಲ ದಿನವೇ ಹಾಕಿಬಿಡಿ.

ಸ್ಫಿಂಕ್ಸ್: ಎಲ್ಲ ಬೇಕು ಅನ್ನುವವರಿಗೆ

ಗಿಯಾರ್ಗ್ ಬ್ರಾಂಡ್ಲ್ ಪೈಥಾನ್ ಭಾಷೆಯ ಡಾಕ್ಯುಮೆಂಟೇಶನ್‌ಗಾಗಿ ಮಾಡಿದ ಟೂಲ್ ಇದು, ಹೊರಗೆ ಬಂದದ್ದು 2008ರಲ್ಲಿ. ಅದಕ್ಕೂ ಮೊದಲು ಪೈಥಾನ್ ಡಾಕ್ಯುಮೆಂಟೇಶನ್ ಲೇಟೆಕ್ ಎಂಬ ಅಚ್ಚು ಜೋಡಣೆಯ ಭಾಷೆಯಲ್ಲಿತ್ತು. ಇವತ್ತು ಜಾಂಗೊ, ಸಿಮೇಕ್, ಬ್ಲೆಂಡರ್ ಮ್ಯಾನ್ಯುಯಲ್, ಗೊಡೊ ಗೇಮ್ ಎಂಜಿನ್ ಎಲ್ಲ ಇದರಲ್ಲೇ ಬಿಲ್ಡ್ ಆಗುತ್ತವೆ.

ಲಿನಕ್ಸ್ ಕರ್ನಲ್ ಇದಕ್ಕೆ ಬಂದ ಕಥೆ ಆರಿಸುವವರಿಗೆಲ್ಲ ಉಪಯೋಗದ್ದು. ಮೊದಲು ಅವರು ಡಾಕ್‌ಬುಕ್ ಎಂಬ ಎಕ್ಸ್‌ಎಂಎಲ್ ರೂಪದ ಟೆಂಪ್ಲೇಟ್‌ಗಳನ್ನು ಬಳಸುತ್ತಿದ್ದರು. ಎಕ್ಸ್‌ಎಂಎಲ್ ಬರೆಯಲು ಯಾರಿಗೂ ಇಷ್ಟ ಇರಲಿಲ್ಲ, ಬಿಲ್ಡ್ ನಿಧಾನ, ಸುಲಭವಾಗಿ ಮುರಿಯುತ್ತಿತ್ತು. ಆಸ್ಕಿಡಾಕ್ (ಆಸ್ಕಿಡಾಕ್ಟರ್ ಓದುವ ಮಾರ್ಕಪ್) ಕೂಡ ಪ್ರಯೋಗ ಮಾಡಿ ನೋಡಿದರು. ಕೊನೆಗೆ 2016ರಲ್ಲಿ ಸ್ಫಿಂಕ್ಸ್‌ಗೆ ಬಂದರು. ಕೋಡ್ ಕಾಮೆಂಟ್‌ಗಳನ್ನು ಎತ್ತಲು ಅವರದ್ದೇ ಆದ ಕರ್ನಲ್‌ಡಾಕ್ ಸ್ಕ್ರಿಪ್ಟ್ ಮೊದಲೇ ಇತ್ತು, ಅದನ್ನು ಬಿಡಲಿಲ್ಲ, ಸ್ಫಿಂಕ್ಸ್‌ಗೆ ಜೋಡಿಸಿದರು. ನಿಮ್ಮ ಹತ್ತಿರ ಮೊದಲೇ ಇರುವ ಒಳ್ಳೆಯದನ್ನು ಎಸೆಯದೆ ಜೋಡಿಸಲು ಬಿಡುವುದೇ ಸ್ಫಿಂಕ್ಸ್‌ನ ದೊಡ್ಡ ಗುಣ. ಕರ್ನಲ್ ಸೋರ್ಸ್ ಇಳಿಸಿಕೊಂಡು ಮೇಕ್ ಎಚ್‌ಟಿಎಂಎಲ್‌ಡಾಕ್ಸ್ ಕೊಟ್ಟು ನೋಡಿ, ಡಾಕ್ಯುಮೆಂಟೇಶನ್ ಡೈರೆಕ್ಟರಿಯ ಒಳಗೇ ಔಟ್‌ಪುಟ್ ಎಂಬ ಫೋಲ್ಡರ್‌ನಲ್ಲಿ ಪುಟಗಳು ಬರುತ್ತವೆ. ಪೂರ್ತಿ ಬಿಲ್ಡ್‌ಗೆ ಸಮಯ ಹಿಡಿಯುತ್ತದೆ. ಸ್ಫಿಂಕ್ಸ್‌ಡರ್ಸ್ ಎಂಬ ವೇರಿಯಬಲ್‌ನಲ್ಲಿ ನಿಮಗೆ ಬೇಕಾದ ಒಂದು ಡೈರೆಕ್ಟರಿ ಹೆಸರು ಕೊಟ್ಟರೆ ಅಷ್ಟನ್ನೇ ಮಾಡುತ್ತದೆ.

ಔಟ್‌ಪುಟ್ ವಿಷಯದಲ್ಲಿ ಇದರ ಹತ್ತಿರ ಬೇರೆ ಯಾವುದೂ ಬರುವುದಿಲ್ಲ. ವೆಬ್, ಲೇಟೆಕ್ ಮೂಲಕ ಪಿಡಿಎಫ್, ಇಪಬ್, ಮ್ಯಾನ್ ಪೇಜ್, ಟೆಕ್ಸ್‌ಇನ್ಫೋ ಎಲ್ಲ ಅದರೊಳಗೇ ಇವೆ. ಒಂದು ಪುಟದಿಂದ ಇನ್ನೊಂದಕ್ಕೆ, ಒಂದು ಪ್ರಾಜೆಕ್ಟ್‌ನಿಂದ ಇನ್ನೊಂದು ಪ್ರಾಜೆಕ್ಟ್‌ನ ಡಾಕ್ಯುಮೆಂಟೇಶನ್‌ಗೆ ಹೆಸರಿನ ಮೂಲಕ ಲಿಂಕ್ ಕೊಡುವ ವ್ಯವಸ್ಥೆ ಬಹಳ ಗಟ್ಟಿ. ಫೈಲ್ ಜಾಗ ಬದಲಾದರೂ ಲಿಂಕ್ ಮುರಿಯುವುದಿಲ್ಲ. ಉದಾಹರಣೆ ಕೋಡ್ ಅನ್ನು ನಿಜವಾದ ಸೋರ್ಸ್ ಫೈಲ್‌ನಿಂದಲೇ ಎಳೆದುಕೊಳ್ಳಬಹುದು, ಹಾಗಾಗಿ ಟೆಸ್ಟ್ ಆದ ಕೋಡೇ ಪುಟದಲ್ಲಿ ಕಾಣುತ್ತದೆ.

ಕಷ್ಟಗಳೂ ಇವೆ. ಇದರ ಮೂಲ ಮಾರ್ಕಪ್ ರೀಸ್ಟ್ರಕ್ಚರ್ಡ್‌ಟೆಕ್ಸ್ಟ್. ಇಂಡೆಂಟೇಶನ್ ಒಂದು ಸ್ಪೇಸ್ ತಪ್ಪಿದರೆ ಪೂರ್ತಿ ಪ್ಯಾರಾ ಬೇರೆ ರೂಪ ತಾಳುತ್ತದೆ. ಮಿಸ್ಟ್ ಪಾರ್ಸರ್ ಹಾಕಿಕೊಂಡರೆ ಮಾರ್ಕ್‌ಡೌನ್‌ನಲ್ಲೇ ಬರೆಯಬಹುದು, ಹೊಸ ಪ್ರಾಜೆಕ್ಟ್‌ಗೆ ನಾನು ಅದನ್ನೇ ಹೇಳುತ್ತೇನೆ. ಇನ್ನೊಂದು, ಕೋಡ್ ಒಳಗಿನ ವಿವರಣೆ ಎತ್ತುವ ಸ್ಫಿಂಕ್ಸ್‌ನ ಆಟೋಡಾಕ್ ನಿಮ್ಮ ಪೈಥಾನ್ ಮಾಡ್ಯೂಲ್‌ಗಳನ್ನು ನಿಜವಾಗಿ ಇಂಪೋರ್ಟ್ ಮಾಡುತ್ತದೆ. ಅಂದರೆ ಡಾಕ್ಯುಮೆಂಟೇಶನ್ ಬಿಲ್ಡ್ ಮಾಡುವ ಮಶೀನ್‌ನಲ್ಲಿ ನಿಮ್ಮ ಲೈಬ್ರರಿಯ ಎಲ್ಲ ಡಿಪೆಂಡೆನ್ಸಿಗಳೂ ಇರಬೇಕು, ಇಂಪೋರ್ಟ್ ಆದ ಕೂಡಲೇ ಡೇಟಾಬೇಸ್‌ಗೆ ಕನೆಕ್ಟ್ ಆಗುವ ಕೋಡ್ ಇದ್ದರೆ ಬಿಲ್ಡ್ ಅಲ್ಲೇ ಬೀಳುತ್ತದೆ. ಭಾರಿ ಡಿಪೆಂಡೆನ್ಸಿಗಳನ್ನು ಹುಸಿ ಮಾಡ್ಯೂಲ್‌ಗಳಿಂದ ತುಂಬಿಸುವ ಸೆಟ್ಟಿಂಗ್ ಇದೆ. ಕೋಡ್ ಓಡಿಸದೆ ಬರೀ ಓದುವ ಆಟೋಎಪಿಐ ಎಂಬ ಎಕ್ಸ್‌ಟೆನ್ಶನ್ ಕೂಡ ಇದೆ.

ಡಾಕ್ಸಿಜೆನ್: ಸಿ, ಸಿ ಪ್ಲಸ್ ಪ್ಲಸ್ ಇದ್ದರೆ ಮೊದಲು ಇದನ್ನು ನೋಡಿ

ಡಿಮಿಟ್ರಿ ವಾನ್ ಹೀಶ್ 1997ರಿಂದ ಬೆಳೆಸಿಕೊಂಡು ಬಂದ ಟೂಲ್. ಜಾವಾ, ಪೈಥಾನ್, ಪಿಎಚ್‌ಪಿ ಕೂಡ ಓದುತ್ತದೆ, ಆದರೆ ಇದರ ನಿಜವಾದ ಮನೆ ಸಿ ಮತ್ತು ಸಿ ಪ್ಲಸ್ ಪ್ಲಸ್. ಒಂದು ಕಮಾಂಡ್ ಕೊಟ್ಟರೆ ಡಾಕ್ಸಿಫೈಲ್ ಎಂಬ ಸೆಟ್ಟಿಂಗ್ ಫೈಲ್ ಬರುತ್ತದೆ, ಅದರಲ್ಲಿ ನೂರಾರು ಆಯ್ಕೆಗಳು, ಪ್ರತಿಯೊಂದಕ್ಕೂ ಪಕ್ಕದಲ್ಲೇ ವಿವರಣೆ. ಉಬುಂಟು, ಫೆಡೋರಾ ಎಲ್ಲದರ ಪ್ಯಾಕೇಜ್‌ಗಳಲ್ಲೂ ಸಿಗುತ್ತದೆ, ಹೆಚ್ಚೇನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಇಂಟರ್ನೆಟ್ ಇಲ್ಲದ ಬಿಲ್ಡ್ ಮಶೀನ್ ಇಟ್ಟುಕೊಂಡ ಕಂಪನಿಗಳಿಗೆ ಇದು ದೊಡ್ಡ ಅನುಕೂಲ.

ಇದರ ಒಂದು ಉಪಯೋಗವನ್ನು ಜನ ಕಡಿಮೆ ಬಳಸುತ್ತಾರೆ. ಹತ್ತು ವರ್ಷ ಹಳೆಯ, ಒಂದು ಕಾಮೆಂಟೂ ಇಲ್ಲದ ಕೋಡ್ ನಿಮ್ಮ ಕೈಗೆ ಬಂದಿದೆ ಅಂದುಕೊಳ್ಳಿ. ಎಲ್ಲವನ್ನೂ ಎತ್ತು ಎಂಬ ಆಯ್ಕೆ ಆನ್ ಮಾಡಿ, ಚಿತ್ರ ಬಿಡಿಸುವ ಗ್ರಾಫ್‌ವಿಜ್ ಇನ್‌ಸ್ಟಾಲ್ ಮಾಡಿ, ಅದನ್ನು ಬಳಸುವ ಮತ್ತು ಕಾಲ್ ಗ್ರಾಫ್ ಬಿಡಿಸುವ ಆಯ್ಕೆಗಳನ್ನೂ ಆನ್ ಮಾಡಿ, ಓಡಿಸಿ. ಯಾವ ಕ್ಲಾಸ್ ಯಾವುದರಿಂದ ಬಂದಿದೆ, ಯಾವ ಫಂಕ್ಷನ್ ಯಾರನ್ನು ಕರೆಯುತ್ತದೆ, ಯಾವ ಹೆಡರ್ ಯಾವುದನ್ನು ಎಳೆದುಕೊಳ್ಳುತ್ತದೆ ಎಲ್ಲ ಚಿತ್ರವಾಗಿ ಬರುತ್ತದೆ. ಊರಿಗೆ ಹೊಸಬರಾದವರ ಕೈಗೆ ನಕ್ಷೆ ಕೊಟ್ಟ ಹಾಗೆ. ಹೊಸದಾಗಿ ಸೇರಿದ ಹುಡುಗ ಹುಡುಗಿಯರಿಗೆ ಇದರಿಂದ ಸಿಗುವ ಧೈರ್ಯ ನಾನು ನೋಡಿದ್ದೇನೆ. ಕೋಡ್ ದೊಡ್ಡದಾದರೆ ಈ ಚಿತ್ರಗಳಿಂದಲೇ ಬಿಲ್ಡ್ ಬಹಳ ನಿಧಾನವಾಗುತ್ತದೆ, ಹಾಗಾಗಿ ದಿನದ ಬಿಲ್ಡ್‌ನಲ್ಲಿ ಚಿತ್ರ ಬೇಡ, ವಾರಕ್ಕೊಮ್ಮೆ ಸಾಕು.

ಕೈಯಲ್ಲಿ ಬರೆದ ಗೈಡ್‌ಗಳಿಗೆ ಮಾತ್ರ ಡಾಕ್ಸಿಜೆನ್ ಹಿಡಿಸುವುದಿಲ್ಲ. 2012ರಿಂದ ಮಾರ್ಕ್‌ಡೌನ್ ಓದುತ್ತದೆ ನಿಜ, ಆದರೆ ಪುಟಗಳ ಜೋಡಣೆ ಕೋಡ್‌ನ ಸುತ್ತ ಇರುತ್ತದೆ, ಓದುಗರ ಸುತ್ತ ಅಲ್ಲ. ಅದಕ್ಕೇ ದೊಡ್ಡ ಪ್ರಾಜೆಕ್ಟ್‌ಗಳು ಎರಡನ್ನೂ ಇಟ್ಟುಕೊಳ್ಳುತ್ತವೆ. ಎಲ್‌ಎಲ್‌ವಿಎಂ ಎಂಬ ಕಂಪೈಲರ್ ಪ್ರಾಜೆಕ್ಟ್‌ನಲ್ಲಿ ಗೈಡ್‌ಗಳು ಸ್ಫಿಂಕ್ಸ್‌ನಲ್ಲಿ, ಎಪಿಐ ಪುಟಗಳು (ಫಂಕ್ಷನ್, ಕ್ಲಾಸ್‌ಗಳ ರೆಫರೆನ್ಸ್) ಡಾಕ್ಸಿಜೆನ್‌ನಲ್ಲಿ. ಡಾಕ್ಸಿಜೆನ್ ಕೊಡುವ ಎಕ್ಸ್‌ಎಂಎಲ್ ಅನ್ನು ಸ್ಫಿಂಕ್ಸ್ ಒಳಗೆ ತರುವ ಬ್ರೀದ್ ಎಂಬ ಸೇತುವೆಯೂ ಇದೆ, ಎಲ್ಲ ಒಂದೇ ಸೈಟ್‌ನಲ್ಲಿ ಕಾಣುತ್ತದೆ. ಬೆಲೆ ಏನು ಅಂದರೆ ಎರಡು ಟೂಲ್‌ಗಳ ಸೆಟ್ಟಿಂಗ್, ಮತ್ತು ಕೋಡ್ ದೊಡ್ಡದಾದಂತೆ ಬಿಲ್ಡ್ ಸಮಯ. ಸಣ್ಣ ಟೀಮ್‌ಗೆ ನಾನು ಸೇತುವೆ ಬೇಡ ಅನ್ನುತ್ತೇನೆ. ಡಾಕ್ಸಿಜೆನ್ ಔಟ್‌ಪುಟ್ ಬೇರೆ ಫೋಲ್ಡರ್‌ನಲ್ಲಿ ಇರಲಿ, ಗೈಡ್‌ನಿಂದ ಒಂದು ಲಿಂಕ್ ಕೊಡಿ, ಸಾಕು.

ಎಂಕೆಡಾಕ್ಸ್: ನಾಳೆಯೇ ಶುರು ಮಾಡಬೇಕು ಅನ್ನುವವರಿಗೆ

ಟಾಮ್ ಕ್ರಿಸ್ಟಿ 2014ರಲ್ಲಿ ಶುರು ಮಾಡಿದ್ದು. ಒಂದು ಫೋಲ್ಡರ್ ತುಂಬ ಮಾರ್ಕ್‌ಡೌನ್, ಸೆಟ್ಟಿಂಗ್‌ಗೆ ಒಂದು ಯಾಮಲ್ ಫೈಲ್, ಅಷ್ಟೇ. ಇದರ ಮೇಲೆ ಮಾರ್ಟಿನ್ ಡೊನಾತ್ ಮಾಡಿದ ಮೆಟೀರಿಯಲ್ ಥೀಮ್ ಹಾಕಿದರೆ ಸರ್ಚ್, ಡಾರ್ಕ್ ಮೋಡ್, ಮೊಬೈಲ್‌ನಲ್ಲೂ ಚೆನ್ನಾಗಿ ಕಾಣುವ ಮೆನು ಎಲ್ಲ ಸಿಗುತ್ತದೆ. ಫಾಸ್ಟ್‌ಎಪಿಐ ಡಾಕ್ಯುಮೆಂಟೇಶನ್ ಓದಿದ್ದರೆ ನೀವು ಇದನ್ನು ಮೊದಲೇ ನೋಡಿದ್ದೀರಿ. ಮಧ್ಯಾಹ್ನ ಶುರು ಮಾಡಿದರೆ ಸಂಜೆಗೆ ಸೈಟ್ ರೆಡಿ ಇರುತ್ತದೆ.

ಪೈಥಾನ್ ಡಾಕ್‌ಸ್ಟ್ರಿಂಗ್ (ಕೋಡ್ ಒಳಗೇ ಬರೆದ ವಿವರಣೆ) ಎತ್ತಲು ಎಂಕೆಡಾಕ್‌ಸ್ಟ್ರಿಂಗ್ಸ್ ಎಂಬ ಪ್ಲಗಿನ್ ಇದೆ. ಅದು ಕೋಡ್ ಅನ್ನು ಸಾಮಾನ್ಯವಾಗಿ ಓದಿ ಅರ್ಥ ಮಾಡಿಕೊಳ್ಳುತ್ತದೆ, ಓಡಿಸುವುದಿಲ್ಲ, ಹಾಗಾಗಿ ಆಟೋಡಾಕ್‌ನ ಡಿಪೆಂಡೆನ್ಸಿ ತಲೆನೋವು ಇಲ್ಲಿ ಕಡಿಮೆ. ಸಿ ಪ್ಲಸ್ ಪ್ಲಸ್ ಕೋಡ್ ಇದ್ದರೆ ಮಾತ್ರ ಇದು ನಿಮ್ಮ ಜಾಗ ಅಲ್ಲ.

ಪಿಡಿಎಫ್ ಇದರೊಳಗೆ ಇಲ್ಲ. ವೀಸಿಪ್ರಿಂಟ್ (ವೆಬ್ ಪುಟದಿಂದ ಪಿಡಿಎಫ್ ಮಾಡುವ ಟೂಲ್) ಅಥವಾ ಬ್ರೌಸರ್ ಬಳಸುವ ಪ್ಲಗಿನ್‌ಗಳಿವೆ. ಪಿಡಿಎಫ್ ಅಪರೂಪಕ್ಕೆ ಬೇಕಾದರೆ ಸಾಕು. ಪ್ರತಿ ರಿಲೀಸ್‌ಗೂ ಪುಟ ಸಂಖ್ಯೆ, ಇಂಡೆಕ್ಸ್ ಎಲ್ಲ ಇರುವ ಪುಸ್ತಕ ಕೊಡಬೇಕಾದರೆ ಬೇರೆ ಕಡೆ ಹೋಗಿ.

ಇನ್ನೊಂದು ವಿಷಯ ತಿಳಿದೇ ಆರಿಸಬೇಕು. ಎಂಕೆಡಾಕ್ಸ್ 1.6 ಬಂದದ್ದು 2024ರಲ್ಲಿ, ಆಮೇಲೆ ಮೂಲ ಪ್ರಾಜೆಕ್ಟ್‌ನ ಬೆಳವಣಿಗೆ ನಿಧಾನವಾಯಿತು. ಮೆಟೀರಿಯಲ್ ಮಾಡುವವರು 2025ರ ಕೊನೆಯಲ್ಲಿ ಝೆನ್ಸಿಕಲ್ ಎಂಬ ಹೊಸ ಟೂಲ್ ಪ್ರಕಟಿಸಿ, ಮೆಟೀರಿಯಲ್ ಅನ್ನು ಬರೀ ನಿರ್ವಹಣೆಯ ಹಂತಕ್ಕೆ ಇಳಿಸಿದರು. ಹಳೆಯ ಯಾಮಲ್ ಫೈಲ್ ಅನ್ನು ಝೆನ್ಸಿಕಲ್ ಓದುತ್ತದೆ. ಇವತ್ತು ಎಂಕೆಡಾಕ್ಸ್ ಆರಿಸಿದರೆ ಮುಂದೊಂದು ದಿನ ಅಲ್ಲಿಗೋ ಬೇರೆ ಕಡೆಗೋ ಹೋಗಬೇಕಾಗಬಹುದು. ಹೆದರಬೇಕಾಗಿಲ್ಲ, ನಿಮ್ಮ ಬರಹ ಮಾರ್ಕ್‌ಡೌನ್‌ನಲ್ಲಿ ಇರುತ್ತದಲ್ವಾ. ಆದರೆ ಪ್ಲಗಿನ್‌ಗಳನ್ನು ಸುಮ್ನೆ ರಾಶಿ ಹಾಕಬೇಡಿ. ಒಂದೊಂದು ಪ್ಲಗಿನ್‌ಗೂ ಅದರದ್ದೇ ಗುರುತುಗಳು, ಸಾಗುವಾಗ ತೊಂದರೆ ಕೊಡುವುದು ಅವೇ.

ಡಾಕ್ಯುಸಾರಸ್: ರಿಯಾಕ್ಟ್ ಗೊತ್ತಿದ್ದರೆ ಮಾತ್ರ

ಫೇಸ್‌ಬುಕ್‌ನಿಂದ 2017ರಲ್ಲಿ ಬಂತು, ರಿಯಾಕ್ಟ್ ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿಯ ಮೇಲೆ ನಿಂತಿದೆ. ಡಾಕ್ಯುಮೆಂಟೇಶನ್ ಜೊತೆ ಬ್ಲಾಗ್, ಲ್ಯಾಂಡಿಂಗ್ ಪುಟ, ಪುಟದೊಳಗೇ ಓಡುವ ಡೆಮೊ ಬೇಕು ಅಂದರೆ ಇದು ಬಹಳ ಚೆನ್ನ. ವರ್ಶನ್ ಇಡುವುದು, ಭಾಷೆ ಬದಲಿಸುವುದು ಅದರೊಳಗೇ ಇದೆ. ಮುರಿದ ಲಿಂಕ್ ಇದ್ದರೆ ಪ್ರೊಡಕ್ಷನ್ ಬಿಲ್ಡ್ ತಾನಾಗಿ ನಿಲ್ಲುತ್ತದೆ.

ಬರೆಯುವ ಭಾಷೆ ಎಂಡಿಎಕ್ಸ್, ಅಂದರೆ ಮಾರ್ಕ್‌ಡೌನ್ ಒಳಗೆ ರಿಯಾಕ್ಟ್. ವಾಕ್ಯದ ಮಧ್ಯೆ ಒಂದು ಪುಷ್ಪಾವರಣ ಅಥವಾ ಚಿಕ್ಕದು ಎಂಬ ಚಿಹ್ನೆ ಸುಮ್ನೆ ಬಂದರೂ ಅದನ್ನು ಕೋಡ್ ಅಂತ ತಿಳಿದು ಬಿಲ್ಡ್ ಮುರಿಯಬಹುದು. ರಿಯಾಕ್ಟ್ ಗೊತ್ತಿಲ್ಲದವರಿಗೆ ಆ ಎರರ್ ಮೆಸೇಜ್ ಅರ್ಥ ಆಗುವುದಿಲ್ಲ. ವರ್ಶನ್ ಇಡುವಾಗ ಪೂರ್ತಿ ಡಾಕ್ಸ್ ಫೋಲ್ಡರ್ ನಕಲಾಗುತ್ತದೆ. ಹತ್ತು ವರ್ಶನ್ ಇಟ್ಟರೆ ಹತ್ತು ನಕಲು, ಬಿಲ್ಡ್ ಅಷ್ಟೂ ಉದ್ದ. ಪಿಡಿಎಫ್ ಇದರೊಳಗೆ ಇಲ್ಲ. ಟೈಪ್‌ಸ್ಕ್ರಿಪ್ಟ್ ಪ್ರಾಜೆಕ್ಟ್ ಆದರೆ ಅದರ ಕಾಮೆಂಟ್ ಎತ್ತುವ ಟೈಪ್‌ಡಾಕ್ ಜೊತೆ ಚೆನ್ನಾಗಿ ಹೊಂದುತ್ತದೆ. ಬೇರೆ ಭಾಷೆಯ ಕೋಡ್‌ಗೆ ಇದನ್ನು ತರಲು ನನಗೆ ಕಾರಣ ಕಾಣುವುದಿಲ್ಲ.

ಆಸ್ಕಿಡಾಕ್ಟರ್: ಪುಸ್ತಕದಂಥ ಮ್ಯಾನ್ಯುಯಲ್ ಬೇಕಾದರೆ

ಆಸ್ಕಿಡಾಕ್ ಮಾರ್ಕಪ್ ಹುಟ್ಟಿದ್ದು 2002ರಲ್ಲಿ, ಸ್ಟುವರ್ಟ್ ರ್‍ಯಾಕ್‌ಹ್ಯಾಮ್ ಕೈಯಲ್ಲಿ. ಇವತ್ತು ಹೆಚ್ಚು ಬಳಸುವುದು ರೂಬಿಯಲ್ಲಿ ಬರೆದ ಆಸ್ಕಿಡಾಕ್ಟರ್. ಗಿಟ್‌ನ ಮ್ಯಾನ್ ಪೇಜ್‌ಗಳೆಲ್ಲ ಇದೇ ಮಾರ್ಕಪ್‌ನಲ್ಲಿವೆ. ಗಿಟ್ ಸೋರ್ಸ್‌ನಲ್ಲಿ ಮೇಕ್ ಡಾಕ್ ಕೊಟ್ಟರೆ ಅವು ಬಿಲ್ಡ್ ಆಗುತ್ತವೆ. ಫ್ರೀಬಿಎಸ್‌ಡಿ ಕೂಡ 2021ರಲ್ಲಿ ಡಾಕ್‌ಬುಕ್ ಬಿಟ್ಟು ಆಸ್ಕಿಡಾಕ್ ಮತ್ತು ಹ್ಯೂಗೋ ಎಂಬ ಸೈಟ್ ಬಿಲ್ಡ್ ಟೂಲ್‌ಗೆ ಬಂತು.

ಟೇಬಲ್ ಒಳಗೆ ಪಟ್ಟಿ, ಪಟ್ಟಿಯೊಳಗೆ ಕೋಡ್, ಒಂದೇ ಫೈಲ್‌ನಿಂದ ಎರಡು ಗ್ರಾಹಕರಿಗೆ ಎರಡು ಮ್ಯಾನ್ಯುಯಲ್ ಇಂಥ ಕೆಲಸ ಮಾರ್ಕ್‌ಡೌನ್‌ನಲ್ಲಿ ಒದ್ದಾಟ, ಇಲ್ಲಿ ಸಲೀಸು. ಸೋರ್ಸ್ ಫೈಲ್‌ನಲ್ಲಿ ಟ್ಯಾಗ್ ಹಾಕಿದ ಭಾಗವನ್ನಷ್ಟೇ ಪುಟಕ್ಕೆ ತರುವ ವ್ಯವಸ್ಥೆಯೂ ಅಚ್ಚುಕಟ್ಟಾಗಿದೆ. ಹಲವು ರೆಪೊಗಳಿಂದ ಬರಹ ಒಟ್ಟು ಮಾಡಿ ಒಂದು ಸೈಟ್ ಮಾಡಬೇಕಾದರೆ ಆಂಟೋರಾ ಇದೆ. ಕೋಡ್ ಕಾಮೆಂಟ್‌ನಿಂದ ಎಪಿಐ ಪುಟ ಎತ್ತುವುದನ್ನು ಮಾತ್ರ ಇದರಿಂದ ಬಯಸಬೇಡಿ, ಅದಕ್ಕೆ ಜಾವಾಡಾಕ್ ಅಥವಾ ಡಾಕ್ಸಿಜೆನ್ ಪಕ್ಕದಲ್ಲಿ ಬೇಕು.

ಕನ್ನಡದಲ್ಲಿ ಬರೆಯುವುದಾದರೆ

ಈ ಭಾಗವನ್ನು ಇಂಗ್ಲಿಷ್ ಗೈಡ್‌ಗಳಲ್ಲಿ ಯಾರೂ ಬರೆಯುವುದಿಲ್ಲ, ಹಾಗಾಗಿ ನಿಧಾನವಾಗಿ ಹೇಳುತ್ತೇನೆ.

ಮೊದಲು ಪಿಡಿಎಫ್. ಆಸ್ಕಿಡಾಕ್ಟರ್‌ನ ಪಿಡಿಎಫ್ ಭಾಗ ಪ್ರಾನ್ ಎಂಬ ರೂಬಿ ಲೈಬ್ರರಿಯ ಮೇಲೆ ನಿಂತಿದೆ. ಭಾರತೀಯ ಲಿಪಿಗಳಿಗೆ ಬೇಕಾದ ಅಕ್ಷರ ಜೋಡಣೆ ಅದಕ್ಕೆ ಬರುವುದಿಲ್ಲ. ಕನ್ನಡ ಫಾಂಟ್ ಕೊಟ್ಟರೂ ಒತ್ತಕ್ಷರಗಳು ಒಡೆದು ಬಿದ್ದಿರುತ್ತವೆ. ಅದೇ ಫೈಲ್ ಅನ್ನು ವೆಬ್ ಪುಟ ಮಾಡಿ ಬ್ರೌಸರ್‌ನಿಂದ ಪ್ರಿಂಟ್ ಮಾಡಿದರೆ ಸರಿ ಬರುತ್ತದೆ. ಸ್ಫಿಂಕ್ಸ್‌ನಲ್ಲಿ ತಾನಾಗಿ ಬರುವ ಪಿಡಿಎಫ್‌ಲೇಟೆಕ್ ಕನ್ನಡಕ್ಕೆ ಆಗುವುದಿಲ್ಲ, ಸೆಟ್ಟಿಂಗ್‌ನಲ್ಲಿ ಝೀಲೇಟೆಕ್ ಅಂತ ಬದಲಿಸಿ, ನೋಟೋ ಥರದ ಕನ್ನಡ ಫಾಂಟ್ ಹೆಸರು ಕೊಡಿ. ಕೋಡ್ ಬ್ಲಾಕ್‌ಗಳ ಫಾಂಟ್ ಬೇರೆ ಇರುತ್ತದೆ, ಅದರಲ್ಲಿ ಕನ್ನಡ ಇಲ್ಲದಿದ್ದರೆ ಕೋಡ್ ಒಳಗಿನ ಕನ್ನಡ ಕಾಮೆಂಟ್ ಇರಬೇಕಾದ ಕಡೆ ಖಾಲಿ ಚೌಕ ಬರುತ್ತದೆ. ಎಂಕೆಡಾಕ್ಸ್ ಜೊತೆ ಬಳಸುವ ವೀಸಿಪ್ರಿಂಟ್ ಒಳಗೆ ಪ್ಯಾಂಗೊ ಮತ್ತು ಹಾರ್ಫ್‌ಬಜ್ ಇವೆ, ಅವು ಒತ್ತಕ್ಷರ ಸರಿಯಾಗಿ ಕೂರಿಸುತ್ತವೆ.

ಇನ್ನು ಪ್ರತ್ಯಯ. ಫೈಲ್ ಹೆಸರನ್ನು ಕೋಡ್ ಗುರುತಿನ ಒಳಗೆ ಹಾಕಿ, ಅದಕ್ಕೆ ಅಂಟಿಕೊಂಡೇ 'ನಲ್ಲಿ', 'ಅನ್ನು' ಅಂತ ಬರೆಯುವುದು ನಮಗೆ ಸಹಜ. ರೀಸ್ಟ್ರಕ್ಚರ್ಡ್‌ಟೆಕ್ಸ್ಟ್ ಇದನ್ನು ಒಪ್ಪುವುದಿಲ್ಲ. ಮುಚ್ಚುವ ಗುರುತಿನ ಮುಂದೆ ಸ್ಪೇಸ್ ಅಥವಾ ವಿರಾಮ ಚಿಹ್ನೆ ಇರಲೇಬೇಕು. ಇಲ್ಲದಿದ್ದರೆ ಬ್ಯಾಕ್‌ಸ್ಲ್ಯಾಶ್ ಮತ್ತು ಸ್ಪೇಸ್ ಸೇರಿಸಬೇಕು, ಪ್ರತಿ ವಾಕ್ಯದಲ್ಲೂ. ಆಸ್ಕಿಡಾಕ್‌ನಲ್ಲಿ ಗುರುತನ್ನು ಎರಡೆರಡು ಸಲ ಹಾಕಿದರೆ ಆಗುತ್ತದೆ. ಮಾರ್ಕ್‌ಡೌನ್‌ನಲ್ಲಿ ಏನೂ ತೊಂದರೆ ಇಲ್ಲ, ಬರೆದಂತೆ ಬರುತ್ತದೆ. ಕನ್ನಡ ಮ್ಯಾನ್ಯುಯಲ್‌ಗೆ ನಾನು ಸ್ಫಿಂಕ್ಸ್ ಹೇಳುವಾಗಲೂ ಮಿಸ್ಟ್ ಜೊತೆಗೇ ಅಂತ ಒತ್ತಿ ಹೇಳುವುದು ಇದಕ್ಕೇ.

ಸರ್ಚ್ ಕೂಡ ನೋಡಿಕೊಳ್ಳಿ. ಸ್ಫಿಂಕ್ಸ್‌ನ ಒಳಗಿನ ಸರ್ಚ್ ಪದಗಳನ್ನು ಒಡೆಯುವಾಗ ನಮ್ಮ ಸ್ವರ ಚಿಹ್ನೆ, ಒತ್ತಿನ ಚಿಹ್ನೆಗಳನ್ನು ಅಕ್ಷರ ಅಂತ ಎಣಿಸುವುದಿಲ್ಲ. 'ಕನ್ನಡ' ಎಂಬ ಪದ 'ಕನ', 'ನಡ' ಅಂತ ಎರಡು ತುಂಡಾಗುತ್ತದೆ. ಹುಡುಕಿದರೆ ಬೇಡದ ಪುಟಗಳೂ ಬರುತ್ತವೆ. ಮೆಟೀರಿಯಲ್‌ನ ಸರ್ಚ್‌ನಲ್ಲಿ ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ. ಆನ್ ಮಾಡಿ ನಿಮ್ಮದೇ ಪದಗಳನ್ನು ಹಾಕಿ ಪರೀಕ್ಷಿಸಿ.

ಹೆಡ್ಡಿಂಗ್‌ಗಳ ವಿಷಯವೂ ಇದೆ. ಹೆಡ್ಡಿಂಗ್ ಕನ್ನಡದಲ್ಲಿದ್ದರೆ ಎಂಕೆಡಾಕ್ಸ್ ಮತ್ತು ಸ್ಫಿಂಕ್ಸ್ ಅದಕ್ಕೆ ತಾವೇ ಒಂದು, ಎರಡು ಅಂತ ನಂಬರ್ ಇರುವ ಆಂಕರ್ (ಲಿಂಕ್ ನೇರ ಆ ಹೆಡ್ಡಿಂಗ್‌ಗೇ ಹೋಗಲು ಬೇಕಾದ ಹೆಸರು) ಕೊಡುತ್ತವೆ. ಮಧ್ಯೆ ಒಂದು ಹೆಡ್ಡಿಂಗ್ ಸೇರಿಸಿದ ದಿನ ನಂಬರ್ ಎಲ್ಲ ಪಲ್ಲಟವಾಗಿ, ಹೊರಗಿನವರು ಉಳಿಸಿಕೊಂಡಿದ್ದ ಲಿಂಕ್ ಬೇರೆ ಕಡೆ ಹೋಗುತ್ತದೆ. ಪ್ರತಿ ಹೆಡ್ಡಿಂಗ್‌ಗೂ ಇಂಗ್ಲಿಷ್ ಅಕ್ಷರದ ಆಂಕರ್ ನೀವೇ ಬರೆಯಿರಿ, ಎರಡು ಟೂಲ್‌ಗಳಲ್ಲೂ ಅದಕ್ಕೆ ದಾರಿ ಇದೆ.

ಮೂಲ ಇಂಗ್ಲಿಷ್‌ನಲ್ಲಿದ್ದು ಕನ್ನಡಕ್ಕೆ ತರುವುದಾದರೆ ಸ್ಫಿಂಕ್ಸ್‌ಗೆ ಸಾಟಿ ಇಲ್ಲ. ಅದು ಪ್ಯಾರಾ ಪ್ಯಾರಾ ಲೆಕ್ಕದಲ್ಲಿ ಗೆಟ್‌ಟೆಕ್ಸ್ಟ್ ಎಂಬ ಭಾಷಾಂತರ ಫೈಲ್ ಮಾಡಿಕೊಡುತ್ತದೆ, ಮೂಲ ಬದಲಾದಾಗ ಯಾವ ಪ್ಯಾರಾ ಹಳೆಯದಾಯಿತು ಅಂತ ಗುರುತು ಬೀಳುತ್ತದೆ, ವೆಬ್ಲೇಟ್ ಥರದ ಭಾಷಾಂತರ ಸೈಟ್‌ನಲ್ಲಿ ಹಾಕಿದರೆ ಗಿಟ್ ಗೊತ್ತಿಲ್ಲದವರೂ ಭಾಷಾಂತರ ಮಾಡಬಹುದು. ಡಾಕ್ಯುಸಾರಸ್‌ನಲ್ಲಿ, ಎಂಕೆಡಾಕ್ಸ್ ಪ್ಲಗಿನ್‌ನಲ್ಲಿ ಇಡೀ ಫೈಲ್ ನಕಲು ಮಾಡಿ ಬರೆಯಬೇಕು. ಮೂಲ ಎಲ್ಲಿ ಬದಲಾಯಿತು ಅಂತ ನೀವೇ ಹುಡುಕಬೇಕು.

ದುಡ್ಡು ಎಲ್ಲಿ ಹೋಗುತ್ತದೆ

ಟೂಲ್‌ಗೆ ಕಾಸಿಲ್ಲ. ಓಪನ್ ಸೋರ್ಸ್ ಪ್ರಾಜೆಕ್ಟ್ ಆದರೆ ಹೋಸ್ಟಿಂಗ್‌ಗೂ ಇಲ್ಲ. ಪಬ್ಲಿಕ್ ರೆಪೊ ಆದರೆ ಗಿಟ್‌ಹಬ್ ಪೇಜಸ್ ಉಚಿತ, ರೀಡ್ ದ ಡಾಕ್ಸ್ ಜಾಹೀರಾತಿನ ಜೊತೆ ಉಚಿತ. ಪ್ರೈವೇಟ್ ರೆಪೊದಿಂದ ಗಿಟ್‌ಹಬ್ ಪೇಜಸ್ ಬೇಕಾದರೆ ದುಡ್ಡು ಕೊಡುವ ಪ್ಲಾನ್ ಬೇಕು. ಕಂಪನಿಯ ಒಳಗೆ ಮಾತ್ರ ಇರಬೇಕಾದರೆ ಒಂದು ಸಣ್ಣ ಸರ್ವರ್‌ನಲ್ಲಿ ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ಸಾಫ್ಟ್‌ವೇರ್ ಸಾಕು, ಬಿಲ್ಡ್ ಆದಮೇಲೆ ಇರುವುದು ಬರೀ ಫೈಲ್‌ಗಳು ತಾನೇ.

ನಿಜವಾದ ಖರ್ಚು ಜನರ ಸಮಯ. ಲೇಟೆಕ್ ಪಿಡಿಎಫ್‌ಗೆ ಬೇಕಾದ ಟೆಕ್ ಲೈವ್ ಪೂರ್ತಿ ಇನ್‌ಸ್ಟಾಲ್ ಹಲವು ಜಿಬಿ ಹಿಡಿಯುತ್ತದೆ, ಪ್ರತಿ ಬಿಲ್ಡ್‌ಗೂ ಅದನ್ನು ಇಳಿಸುತ್ತಿದ್ದರೆ ಎಲ್ಲರೂ ಕಾಯಬೇಕು. ಪಿಡಿಎಫ್ ಅನ್ನು ರಿಲೀಸ್ ದಿನಕ್ಕೆ ಮಾತ್ರ ಇಡಿ. ಟೂಲ್, ಥೀಮ್, ಪ್ಲಗಿನ್ ಎಲ್ಲದರ ವರ್ಶನ್ ನಂಬರ್ ಬರೆದು ಲಾಕ್ ಮಾಡಿ. ಆರು ತಿಂಗಳ ನಂತರ ಯಾರೋ ಒಂದು ಕಾಗುಣಿತ ತಿದ್ದಲು ಹೋದಾಗ ಬಿಲ್ಡೇ ಆಗದಿದ್ದರೆ ಅವರು ಮತ್ತೆ ಆ ಕಡೆ ಬರುವುದಿಲ್ಲ.

ನನ್ನ ಆಯ್ಕೆ ಯಾರಿಗೆ ಯಾವುದು

ವಿದ್ಯಾರ್ಥಿಗಳು, ಸಣ್ಣ ಸ್ಟಾರ್ಟಪ್, ಗೈಡ್ ಜಾಸ್ತಿ ಎಪಿಐ ಕಡಿಮೆ: ಎಂಕೆಡಾಕ್ಸ್, ಪ್ಲಗಿನ್ ಕಡಿಮೆ ಇಟ್ಟುಕೊಂಡು. ಪೈಥಾನ್ ಲೈಬ್ರರಿ, ಹತ್ತಾರು ಮಾಡ್ಯೂಲ್, ಇತರ ಲೈಬ್ರರಿಗಳಿಗೆ ಲಿಂಕ್ ಬೇಕು: ಸ್ಫಿಂಕ್ಸ್ ಮತ್ತು ಮಿಸ್ಟ್. ಫರ್ಮ್‌ವೇರ್ ಟೀಮ್‌ಗೆ ಡಾಕ್ಸಿಜೆನ್ ಮೊದಲು, ಗೈಡ್‌ಗಳು ಬೆಳೆದ ಮೇಲೆ ಪಕ್ಕದಲ್ಲಿ ಸ್ಫಿಂಕ್ಸ್. ಟೈಪ್‌ಸ್ಕ್ರಿಪ್ಟ್ ಪ್ರಾಡಕ್ಟ್, ಟೀಮ್‌ನಲ್ಲಿ ಫ್ರಂಟೆಂಡ್ ಜನ ಇದ್ದಾರೆ, ಪಿಡಿಎಫ್ ಬೇಡ: ಡಾಕ್ಯುಸಾರಸ್. ಇಂಗ್ಲಿಷ್‌ನಲ್ಲಿ ದಪ್ಪ ಮ್ಯಾನ್ಯುಯಲ್, ಮ್ಯಾನ್ ಪೇಜ್, ಗ್ರಾಹಕರಿಗೆ ತಕ್ಕಂತೆ ಬೇರೆ ಬೇರೆ ಪ್ರತಿ: ಆಸ್ಕಿಡಾಕ್ಟರ್. ಕನ್ನಡದಲ್ಲೇ ಬರೆದು ವೆಬ್‌ನಲ್ಲಿ ಮಾತ್ರ ಇಡುವುದಾದರೆ ಎಂಕೆಡಾಕ್ಸ್. ಅದೇ ಕನ್ನಡ ಮ್ಯಾನ್ಯುಯಲ್ ಅಚ್ಚಿಗೂ ಹೋಗುತ್ತದೆ ಅಥವಾ ಇಂಗ್ಲಿಷ್ ಮೂಲದಿಂದ ಬರುತ್ತದೆ ಅಂದರೆ ಸ್ಫಿಂಕ್ಸ್, ಮಿಸ್ಟ್, ಝೀಲೇಟೆಕ್ ಮೂರೂ ಸೇರಿ.

ಎರಡರ ನಡುವೆ ಇನ್ನೂ ಹೊಯ್ದಾಡುತ್ತಿದ್ದರೆ ಒಂದು ಅರ್ಧ ದಿನ ತೆಗೆದಿಡಿ. ನಿಮ್ಮದೇ ಪ್ರಾಜೆಕ್ಟ್‌ನಿಂದ ಮೂರು ಪುಟ ತಗೊಳ್ಳಿ: ಒಂದು ಇನ್‌ಸ್ಟಾಲ್ ಗೈಡ್, ಒಂದು ದೊಡ್ಡ ಟೇಬಲ್ ಇರುವ ಪುಟ, ಒಂದು ಸೋರ್ಸ್ ಫೈಲ್‌ನಿಂದ ಎತ್ತಿದ ಎಪಿಐ ಪುಟ. ಎರಡೂ ಟೂಲ್‌ನಲ್ಲಿ ಬಿಲ್ಡ್ ಮಾಡಿ. ಒಂದು ಲಿಂಕ್ ಬೇಕೆಂದೇ ಮುರಿಯಿರಿ, ಬಿಲ್ಡ್ ನಿಲ್ಲುತ್ತದೆಯಾ ನೋಡಿ. ಆಮೇಲೆ ಈ ಡಾಕ್ಯುಮೆಂಟೇಶನ್ ಅನ್ನು ಮುಂದೆ ನೋಡಿಕೊಳ್ಳಬೇಕಾದವರ ಪೈಕಿ ಟೂಲ್‌ಗಳ ಅಭ್ಯಾಸ ತೀರಾ ಕಡಿಮೆ ಇರುವವರನ್ನು ಕರೆದು ಕೂರಿಸಿ, ಅವರ ಲ್ಯಾಪ್‌ಟಾಪ್‌ನಲ್ಲೇ ಒಂದು ವಾಕ್ಯ ತಿದ್ದಿ ಬಿಲ್ಡ್ ಮಾಡಲು ಹೇಳಿ. ನೀವು ಬಾಯಿ ಬಿಡದೆ ಅವರು ಯಾವುದರಲ್ಲಿ ಕೆಲಸ ಮುಗಿಸುತ್ತಾರೋ ಅದನ್ನೇ ತಗೊಳ್ಳಿ.